ಜ್ವರಗಡ್ಡೆ: ಎಡಪಕ್ಕೆಲುಬಿನ ಕೆಳಗಿನ ಇತಿಹಾಸ

ಕನ್ನಡದ ಶಾಲಾ ಪುಸ್ತಕಗಳಲ್ಲಿ ಸ್ಪ್ಲೀನ್ ಎಂಬ ಅಂಗದ ಹೆಸರು ‘ಗುಲ್ಮ’. ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ, ಜಠರದ ಪಕ್ಕಕ್ಕೆ ಅಂಟಿಕೊಂಡಂತೆ ಇರುವ ಅಂಗ ಅದು. ಆರೋಗ್ಯವಂತ ವಯಸ್ಕರಲ್ಲಿ ಅದರ ತೂಕ ಸುಮಾರು 150 ಗ್ರಾಂ. ಗುಲ್ಮ ಎಂಬ ಪದ ಸಂಸ್ಕೃತದ್ದೇನೋ ಹೌದು, ಆದರೆ ಆಯುರ್ವೇದ ಗ್ರಂಥಗಳು ಈ ಅಂಗವನ್ನು ಕರೆಯುವುದು ‘ಪ್ಲೀಹ’ ಎಂದು. ಗ್ರೀಕಿನ ಸ್ಪ್ಲೇನ್ ಮತ್ತು ಈ ಪ್ಲೀಹ ಒಂದೇ ಮೂಲದಿಂದ ಬಂದ ಅಕ್ಕತಂಗಿಯರು. ಗುಲ್ಮ ಎಂದರೆ ಆ ಗ್ರಂಥಗಳಲ್ಲಿ ಒಂದು ಕಾಯಿಲೆ: ಹೊಟ್ಟೆಯೊಳಗೆ ಕೈಗೆ ಸಿಗುವ ಗಂಟು. ಅಂಗಕ್ಕೊಂದು ಹೆಸರು ಸಿದ್ಧವಾಗಿರುವಾಗ ನಾವು ಕಾಯಿಲೆಯ ಹೆಸರನ್ನು ತಂದು ಅದಕ್ಕೇಕೆ ಇಟ್ಟೆವು?

ವೈದ್ಯಕೀಯ ವರದಿಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಈ ಪದ ಎದುರಾದಾಗಲೆಲ್ಲ ನನಗೆ ತೋರುವ ಉತ್ತರ ಇದು. ಆರೋಗ್ಯವಾಗಿರುವ ಗುಲ್ಮ ಬೆರಳಿಗೆ ಸಿಗುವುದಿಲ್ಲ. ಹೃದಯ ಬಡಿಯುತ್ತದೆ, ಹೊಟ್ಟೆ ಗುಡುಗುತ್ತದೆ, ಶ್ವಾಸಕೋಶ ಏದುಸಿರು ಬಿಡುತ್ತದೆ. ಗುಲ್ಮ ಮಾತ್ರ ಇಡೀ ಆಯುಷ್ಯ ಸುಮ್ಮನಿರುತ್ತದೆ. ಜನರಿಗೆ ಅದರ ಪರಿಚಯವಾಗುವುದು ಅದು ಊದಿಕೊಂಡು ಪಕ್ಕೆಲುಬಿನ ಕೆಳಗೆ ಇಳಿದಾಗ. ನಮ್ಮ ಹಳ್ಳಿಗಳ ಹಿರಿಯರು ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ತಮಿಳಿನವರು ‘ಕಾಯ್ಚಲ್ ಕಟ್ಟಿ’ ಎಂದರು. ಕಾಯ್ಚಲ್ ಎಂದರೆ ಜ್ವರ, ಕಟ್ಟಿ ಎಂದರೆ ಗಡ್ಡೆ. ಇಂಗ್ಲೆಂಡಿನ ಜೌಗು ನಾಡಿನ ರೈತರು ಅದನ್ನೇ ‘ಏಗ್ಯೂ ಕೇಕ್’ ಎಂದು ಕರೆದಿದ್ದರು. ಏಗ್ಯೂ ಎಂದರೆ ಚಳಿಜ್ವರ. ಒಬ್ಬರಿಂದೊಬ್ಬರು ಕಲಿಯದೆ ಮೂರು ಭಾಷೆಗಳು ಒಂದೇ ಪದ ಕಟ್ಟಿದ್ದರೆ, ಮೂರೂ ಕಡೆ ಬೆರಳುಗಳಿಗೆ ಒಂದೇ ವಸ್ತು ಸಿಕ್ಕಿತ್ತು ಎಂದು ಅರ್ಥ.

ಆ ವಸ್ತುವನ್ನು ಮನುಷ್ಯನ ದೇಹ ಒಂದೇ ಮಾಡಿದ್ದಲ್ಲ, ರೋಗಾಣು ಒಂದೇ ಮಾಡಿದ್ದೂ ಅಲ್ಲ. ಒಳಗೆ ಸೇರಿಕೊಂಡ ಪರಾವಲಂಬಿ ಜೀವಿ ಮತ್ತು ಅದಕ್ಕೆ ಮನೆಯಾದ ದೇಹ, ಇಬ್ಬರ ವರ್ಷಗಟ್ಟಲೆಯ ಜಗ್ಗಾಟದಲ್ಲಿ ಬೆಳೆದ ಗಡ್ಡೆ ಅದು. ಕಳೆದ ಎರಡು ಶತಮಾನಗಳಲ್ಲಿ ಇಂಡಿಯಾದಲ್ಲಿ ಅದನ್ನು ಬೇರೆಬೇರೆಯವರು ಬೇರೆಬೇರೆ ರೀತಿ ಓದಿದರು. ಒಬ್ಬರಿಗೆ ಅದು ಅಳತೆಗೋಲಾಯಿತು, ಇನ್ನೊಬ್ಬರಿಗೆ ಕೊಲೆಯ ನೆಪವಾಯಿತು, ಮದ್ರಾಸಿನ ಒಬ್ಬ ವೈದ್ಯನಿಗೆ ಹೊಸದೊಂದು ಜೀವಿಯನ್ನು ಕಾಣಿಸುವ ಬಾಗಿಲಾಯಿತು.

ಗಾಳಿಯಲ್ಲಿದ್ದ ಜ್ವರ

ಚೆನ್ನೈನ ನುಂಗಂಬಾಕ್ಕಂನಲ್ಲಿ ಕಾಲೇಜ್ ರೋಡ್ ಎಂಬ ರಸ್ತೆಯಿದೆ. 1812ರಲ್ಲಿ ಕಂಪನಿ ಸರಕಾರ ತನ್ನ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲು ತೆರೆದ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜಿನಿಂದ ಆ ಹೆಸರು ಬಂತು. ಆ ಕಾಲೇಜಿನ ಹಿಂದಿದ್ದ ಎಫ್. ಡಬ್ಲ್ಯು. ಎಲ್ಲಿಸ್, ಕನ್ನಡ ತಮಿಳು ತೆಲುಗು ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದ್ದೇ ಬೇರೆ ಕುಟುಂಬ ಎಂಬುದನ್ನು 1816ರಲ್ಲಿ ಅಚ್ಚಿನಲ್ಲಿ ತೋರಿಸಿದವನು. ಭಾಷಾಶಾಸ್ತ್ರ ಓದಿದವರಿಗೆ ಇದೊಂದು ಸಣ್ಣ ತೀರ್ಥಕ್ಷೇತ್ರ.

ಅದೇ ರಸ್ತೆಯಲ್ಲಿ ಇನ್ನೊಂದು ಹಳೆಯ ಸಂಸ್ಥೆ ಇದೆ: 1792ರಲ್ಲಿ ಕಟ್ಟಿದ ಮದ್ರಾಸ್ ವೀಕ್ಷಣಾಲಯದ ಜಾಗದಲ್ಲಿರುವ ಹವಾಮಾನ ಕೇಂದ್ರ. ಚೆನ್ನೈನಲ್ಲಿ ಮಳೆ ಸುರಿದ ಮರುದಿನ ‘ನುಂಗಂಬಾಕ್ಕಂನಲ್ಲಿ ಇಷ್ಟು ಮಿಲಿಮೀಟರ್’ ಎಂದು ಸುದ್ದಿ ಬರುವುದು ಅಲ್ಲಿಂದಲೇ. ಹತ್ತೊಂಬತ್ತನೇ ಶತಮಾನದಲ್ಲಿ ಬಿಸಿಲು, ತೇವ, ಗಾಳಿಯ ದಿಕ್ಕುಗಳ ಇಂಥ ಕೋಷ್ಟಕಗಳು ವೈದ್ಯರಿಗೂ ಬೇಕಾಗಿದ್ದವು. ಯಾಕೆಂದರೆ ಅವರ ಲೆಕ್ಕದಲ್ಲಿ ಜ್ವರ ಇದ್ದದ್ದೇ ಗಾಳಿಯಲ್ಲಿ. ಮಲೇರಿಯಾ ಎಂಬ ಇಟಾಲಿಯನ್ ಪದದ ಅರ್ಥ ಕೆಟ್ಟ ಗಾಳಿ. ಕೆರೆ, ಜೌಗು, ಕೊಳೆತ ಎಲೆಗಳಿಂದ ಎದ್ದ ವಿಷದ ಆವಿ ಜನರನ್ನು ನಡುಗಿಸುತ್ತದೆ ಎಂದು ಅವರು ನಂಬಿದ್ದರು. ನುಂಗಂಬಾಕ್ಕಂನ ಕೆರೆ ಆಗ ಇನ್ನೂ ನೀರು ತುಂಬಿಕೊಂಡಿತ್ತು. ಇಂದು ಅದರ ಅಂಗಳದಲ್ಲಿ ವಳ್ಳುವರ್ ಕೋಟ್ಟಂ ನಿಂತಿದೆ. ಪಕ್ಕದ ದೊಡ್ಡ ಕೆರೆ ಬತ್ತಿಸಿ 1920ರ ದಶಕದಲ್ಲಿ ತ್ಯಾಗರಾಯ ನಗರ ಕಟ್ಟಲಾಯಿತು.

ಗಾಳಿಯ ಸಿದ್ಧಾಂತಕ್ಕೆ ಒಂದು ತೊಡಕಿತ್ತು. ಉಷ್ಣಾಂಶವನ್ನು ಅಳೆಯಬಹುದು, ಮಳೆಯನ್ನು ಅಳೆಯಬಹುದು. ಗಾಳಿಯ ಕೆಟ್ಟತನವನ್ನು ಅಳೆಯುವುದು ಹೇಗೆ?

ಅಳತೆಗೋಲು

ಉತ್ತರ ಸಿಕ್ಕಿದ್ದು ಉತ್ತರ ಇಂಡಿಯಾದ ನಾಲೆಗಳ ದಂಡೆಯಲ್ಲಿ. 1840ರ ದಶಕದಲ್ಲಿ ಗಂಗಾ ನಾಲೆಯ ಯೋಜನೆ ಸರಕಾರದ ಮುಂದಿತ್ತು. ಅದಾಗಲೇ ಹರಿಯುತ್ತಿದ್ದ ಯಮುನಾ ನಾಲೆಗಳ ಅಕ್ಕಪಕ್ಕದ ಊರುಗಳಲ್ಲಿ ಜ್ವರ ಹೆಚ್ಚು ಎಂಬ ದೂರು ಬಂದಿದ್ದರಿಂದ, ಹೊಸ ನಾಲೆ ಜನರನ್ನು ಕೊಲ್ಲುತ್ತದೆಯೇ ಎಂದು ತಿಳಿಯಲು ಮೂವರ ಸಮಿತಿ ನೇಮಕವಾಯಿತು. ಮೂವರಲ್ಲಿ ಇಬ್ಬರು ಎಂಜಿನಿಯರುಗಳು, ಒಬ್ಬ ವೈದ್ಯ. ಎಂಜಿನಿಯರುಗಳಲ್ಲಿ ಕಿರಿಯನ ಹೆಸರು ಹೆನ್ರಿ ಯೂಲ್. ನಲವತ್ತು ವರ್ಷಗಳ ನಂತರ, 1886ರಲ್ಲಿ, ಇಂಡಿಯಾದ ಇಂಗ್ಲಿಷಿನಲ್ಲಿ ಸೇರಿಹೋದ ದೇಶೀ ಪದಗಳ ‘ಹಾಬ್ಸನ್-ಜಾಬ್ಸನ್’ ಕೋಶವನ್ನು ತಂದ ಯೂಲ್ ಇವನೇ.

ವೈದ್ಯನ ಹೆಸರು ಟಿ. ಇ. ಡೆಂಪ್‌ಸ್ಟರ್. ಯಾರಿಗೆ ಎಷ್ಟು ಸಲ ಜ್ವರ ಬಂತು ಎಂದು ಹಳ್ಳಿಯವರನ್ನು ಕೇಳಿದರೆ ಉತ್ತರ ನಂಬುವಂತಿರಲಿಲ್ಲ. ಡೆಂಪ್‌ಸ್ಟರ್ ಕೇಳುವುದನ್ನು ಬಿಟ್ಟು ಹೊಟ್ಟೆ ಮುಟ್ಟತೊಡಗಿದ. ಊರಲ್ಲಿ ಸಿಕ್ಕವರನ್ನು ಆರಿಸದೆ ನಿಲ್ಲಿಸಿ, ಎಡಪಕ್ಕೆಲುಬಿನ ಕೆಳಗೆ ಬೆರಳಿಟ್ಟು, ಗಡ್ಡೆ ಸಿಕ್ಕಿತೇ ಇಲ್ಲವೇ ಎಂದಷ್ಟೇ ಬರೆದುಕೊಂಡ. ನೂರು ಜನರಲ್ಲಿ ಎಷ್ಟು ಮಂದಿಗೆ ಗುಲ್ಮ ಕೈಗೆ ಸಿಗುತ್ತದೆ ಎಂಬ ಆ ಸಂಖ್ಯೆ, ಆ ಊರಿನ ಜ್ವರದ ಅಳತೆ. 1847ರಲ್ಲಿ ಸಮಿತಿಯ ವರದಿ ಬಂತು. ನಾಲೆಯ ನೀರು ಒಂದೇ ಕಾರಣವಾಗಿರಲಿಲ್ಲ. ನೀರು ಹರಿದುಹೋಗುವ ದಾರಿ ಮುಚ್ಚಿಹೋದ ಕಡೆಗಳಲ್ಲಿ ಗಡ್ಡೆಗಳು ಹೆಚ್ಚಾಗಿದ್ದವು.

ಡೆಂಪ್‌ಸ್ಟರನಿಗೆ ಸೊಳ್ಳೆಯ ಪಾತ್ರ ಗೊತ್ತಿರಲಿಲ್ಲ. ಪರಾವಲಂಬಿಯನ್ನು ಯಾರೂ ಇನ್ನೂ ನೋಡಿಯೇ ಇರಲಿಲ್ಲ. ಅಲ್ಜೀರಿಯಾದಲ್ಲಿ ಫ್ರೆಂಚ್ ಸೇನಾವೈದ್ಯ ಲ್ಯಾವೆರಾನ್ ಅದನ್ನು ರಕ್ತದಲ್ಲಿ ಕಂಡದ್ದು 1880ರಲ್ಲಿ. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಕಂಡದ್ದು 1897ರಲ್ಲಿ. ಆದರೂ ಡೆಂಪ್‌ಸ್ಟರನ ಅಳತೆ ಸರಿಯಾಗಿಯೇ ಇತ್ತು. ಅವನ ನಂತರ ನೂರು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನಾದ್ಯಂತ ಮಲೇರಿಯಾ ಸಮೀಕ್ಷೆ ಎಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಮುಟ್ಟುವುದೇ ಆಗಿತ್ತು. ಮಕ್ಕಳಲ್ಲಿ ಶೇಕಡ 10ರವರೆಗೆ ಗಡ್ಡೆ ಸಿಕ್ಕರೆ ಜ್ವರ ಕಡಿಮೆಯ ಊರು, 50 ದಾಟಿದರೆ ಜ್ವರದ ಊರು, 75 ದಾಟಿದರೆ ಹುಟ್ಟಿದವರೆಲ್ಲ ಜ್ವರದೊಳಗೇ ಬೆಳೆಯುವ ಊರು.

ನೆಪ

ಅಂಥ ಊರುಗಳಲ್ಲಿ ಬೆಳೆದವರು ಸಾಹೇಬರ ಮನೆಗಳಲ್ಲಿ ಕುದುರೆ ತೊಳೆಯುತ್ತಿದ್ದರು, ಪಂಖಾ ಎಳೆಯುತ್ತಿದ್ದರು, ಚಹಾ ತೋಟಗಳಲ್ಲಿ ಎಲೆ ಕೀಳುತ್ತಿದ್ದರು. ಊದಿದ ಗುಲ್ಮದ ಹೊದಿಕೆ ಬಿಗಿದುಕೊಂಡಿರುತ್ತದೆ, ಒಳಗೆ ರಕ್ತ ತುಂಬಿರುತ್ತದೆ. ಪಕ್ಕೆಲುಬಿನ ಆಸರೆ ಬಿಟ್ಟು ಕೆಳಗಿಳಿದ ಅಂಗದ ಮೇಲೆ ಒಂದು ಒದೆತ ಬಿದ್ದರೆ, ಕೆಲವೊಮ್ಮೆ ಬರೀ ಬಿದ್ದರೂ, ಅದು ಒಡೆಯಬಹುದು. ಆಗ ಒಳಗೇ ರಕ್ತ ಸುರಿದು ಮನುಷ್ಯ ಸ್ವಲ್ಪ ಹೊತ್ತಿನಲ್ಲೇ ಸಾಯುತ್ತಾನೆ. ವೈದ್ಯಕೀಯವಾಗಿ ಇದು ನಿಜ. ನ್ಯಾಯಾಲಯದಲ್ಲಿ ಈ ನಿಜವನ್ನು ಯಾವುದಕ್ಕೆ ಬಳಸಿದರು ಎಂಬುದು ಬೇರೆ ಕತೆ.

1875ರ ಒಂದು ಭಾನುವಾರ ಆಗ್ರಾದಲ್ಲಿ ಫುಲ್ಲರ್ ಎಂಬ ಇಂಗ್ಲಿಷ್ ವಕೀಲ ಸಂಸಾರ ಸಮೇತ ಚರ್ಚಿಗೆ ಹೊರಟಿದ್ದ. ಗಾಡಿ ಬಾಗಿಲಿಗೆ ಬಂದಾಗ ಕುದುರೆಯಾಳು ಕಟ್ವಾರೂ ಅಲ್ಲಿರಲಿಲ್ಲ. ಬಂದ ಮೇಲೆ ಫುಲ್ಲರ್ ಅವನ ತಲೆಗೆ ಮುಖಕ್ಕೆ ಹೊಡೆದ, ಕೂದಲು ಹಿಡಿದು ಎಳೆದ. ಕಟ್ವಾರೂ ಬಿದ್ದ, ಎದ್ದ, ಪಕ್ಕದ ಆವರಣಕ್ಕೆ ಹೋಗಿ ಅಲ್ಲಿ ಸತ್ತ. ಶವಪರೀಕ್ಷೆಯಲ್ಲಿ ಗುಲ್ಮ ಒಡೆದಿತ್ತು. ‘ಸ್ವಇಚ್ಛೆಯಿಂದ ನೋವುಂಟುಮಾಡಿದ’ ಅಪರಾಧಕ್ಕೆ ಮ್ಯಾಜಿಸ್ಟ್ರೇಟ್ ಫುಲ್ಲರನಿಗೆ ವಿಧಿಸಿದ್ದು 30 ರೂಪಾಯಿ ದಂಡ. ಹೈಕೋರ್ಟ್ ಶಿಕ್ಷೆಯನ್ನು ಮುಟ್ಟಲಿಲ್ಲ.

ಹೊಸದಾಗಿ ಬಂದಿದ್ದ ವೈಸ್‌ರಾಯ್ ಲಿಟ್ಟನ್ 1876ರ ಜುಲೈನಲ್ಲಿ ಈ ತೀರ್ಪನ್ನು ಖಂಡಿಸಿ ಟಿಪ್ಪಣಿ ಬರೆದ. ಮ್ಯಾಜಿಸ್ಟ್ರೇಟನಿಗೆ ಅಪರಾಧದ ಗಾತ್ರದ ಅರಿವೇ ಇಲ್ಲ ಎಂಬುದು ಅದರ ಸಾರ. ಇಂಡಿಯಾದ ಇಂಗ್ಲಿಷರ ಪತ್ರಿಕೆಗಳು ಕೊಲೆಗಡುಕನನ್ನು ಬಿಟ್ಟು ವೈಸ್‌ರಾಯನ ಮೇಲೆ ಹರಿಹಾಯ್ದವು. ಲಿಟ್ಟನ್ ಸಂತನೇನಲ್ಲ. ಮದ್ರಾಸು ಮೈಸೂರುಗಳಲ್ಲಿ ಲಕ್ಷಾಂತರ ಜನ ಹಸಿವಿನಿಂದಲೂ ಅದರ ಬೆನ್ನಿಗೇ ಬಂದ ಜ್ವರದಿಂದಲೂ ಸತ್ತ 1876–78ರ ಬರದಲ್ಲಿ ಖರ್ಚು ಬಿಗಿಹಿಡಿದವನು ಅವನೇ. 1878ರಲ್ಲಿ ದೇಶಭಾಷಾ ಪತ್ರಿಕೆಗಳ ಬಾಯಿಗೆ ಬೀಗ ಹಾಕಿದವನೂ ಅವನೇ. ಆದರೂ ಅವನ ಟಿಪ್ಪಣಿಯಿಂದಾಗಿ ಕಟ್ವಾರೂ ಎಂಬ ಹೆಸರು ಉಳಿಯಿತು. ಬಿಳಿಯರು ಹೊಡೆದು ಆಳುಗಳು ಸತ್ತ ಇಂಥ ಪ್ರಕರಣಗಳು ಆ ಕಾಲದ ದಾಖಲೆಗಳಲ್ಲಿ ಮತ್ತೆಮತ್ತೆ ಬರುತ್ತವೆ. ಎಷ್ಟೋ ಕಡೆ ವೈದ್ಯನ ಮಾತು ಒಂದೇ: ಗುಲ್ಮ ಮೊದಲೇ ಊದಿತ್ತು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವಿದೆ. 1860ರ ಭಾರತೀಯ ದಂಡಸಂಹಿತೆಯ 299ನೇ ಕಲಮಿನ ಮೊದಲ ವಿವರಣೆಯ ಪ್ರಕಾರ, ಮೊದಲೇ ರೋಗವಿದ್ದವನಿಗೆ ಗಾಯಮಾಡಿ ಸಾವನ್ನು ಬೇಗ ತಂದವನೂ ಸಾವಿಗೆ ಕಾರಣನೇ. ಅಂದರೆ ಗುಲ್ಮ ಊದಿತ್ತು ಎಂಬುದರಿಂದ ಹೊಡೆದವನು ಕಾರಣನಲ್ಲ ಎಂದಾಗುವುದಿಲ್ಲ. ಆದರೆ 300ನೇ ಕಲಮಿನ ಒಂದು ಉದಾಹರಣೆ ‘ಗೊತ್ತಿತ್ತೇ?’ ಎಂದು ಕೇಳುತ್ತದೆ. ಒಂದು ಏಟಿಗೆ ಸಾಯುವಂಥ ರೋಗ ಎದುರಿನವನಿಗಿದೆ ಎಂದು ತಿಳಿದೂ ಹೊಡೆದರೆ ಅದು ಕೊಲೆ. ತಿಳಿಯದೆ, ಆರೋಗ್ಯವಂತನನ್ನು ಕೊಲ್ಲದಷ್ಟು ಮಾತ್ರ ಹೊಡೆದಿದ್ದರೆ, ಕೊಲ್ಲುವ ಉದ್ದೇಶವೂ ಇಲ್ಲದಿದ್ದರೆ, ಅದು ಕೊಲೆಯಲ್ಲ. ತಪ್ಪಿಸಿಕೊಂಡವರೆಲ್ಲ ನುಸುಳಿದ್ದು ಈ ‘ತಿಳಿಯದೆ’ ಎಂಬ ಕಿಂಡಿಯಿಂದ.

ಆದರೆ ಯಾರಿಗೆ ತಿಳಿದಿರಲಿಲ್ಲ? 1847ರಲ್ಲೇ ಸರಕಾರದ ಸಮಿತಿ ಊರೂರು ಸುತ್ತಿ ಹೊಟ್ಟೆ ಮುಟ್ಟಿ ಶೇಕಡಾವಾರು ಲೆಕ್ಕ ಕೊಟ್ಟಿತ್ತು. 1856ರಲ್ಲಿ ನಾರ್ಮನ್ ಚೆವರ್ಸ್ ಬರೆದ ನ್ಯಾಯವೈದ್ಯದ ಕೈಪಿಡಿ ಒಡೆದ ಗುಲ್ಮಗಳ ಬಗ್ಗೆ ಚರ್ಚಿಸಿತ್ತು. ಈ ದೇಶದಲ್ಲಿ ಮನೆಯಾಳನ್ನು ಒದ್ದರೆ ಅವನು ಸಾಯಬಹುದು ಎಂಬುದು ಊಟದ ಮೇಜಿನ ಮಾತಾಗಿತ್ತು. ನಾಲೆ ತೋಡುವಾಗ ಎಲ್ಲರಿಗೂ ಗೊತ್ತಿದ್ದ ಗಡ್ಡೆ, ನ್ಯಾಯಾಲಯದಲ್ಲಿ ಹೊಡೆದವನೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ.

ಬಾಗಿಲು

ಗಡ್ಡೆ ಮಾತ್ರ ಮಲೇರಿಯಾ ಎಂಬ ಒಂದೇ ಹೆಸರಿಗೆ ಬಗ್ಗಲಿಲ್ಲ. ಬಂಗಾಳದಲ್ಲಿ, ಅಸ್ಸಾಮಿನಲ್ಲಿ, ಮದ್ರಾಸಿನಲ್ಲಿ ಕೆಲವರ ಗುಲ್ಮ ಹೊಕ್ಕುಳ ದಾಟಿ ಬೆಳೆಯುತ್ತಿತ್ತು. ಮೈ ಒಣಗಿ, ಚರ್ಮ ಕಪ್ಪಾಗಿ, ತಿಂಗಳುಗಟ್ಟಲೆ ಜ್ವರ ಬಿಡುತ್ತಿರಲಿಲ್ಲ. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಎಷ್ಟು ಕುಡಿಸಿದರೂ ಉಪಯೋಗವಾಗುತ್ತಿರಲಿಲ್ಲ. ಅಸ್ಸಾಮಿನವರು ಇದನ್ನು ಕಾಲಾ ಆಜಾರ್ ಎಂದರು, ಕಪ್ಪು ಕಾಯಿಲೆ. ವೈದ್ಯರು ‘ಹಳೆಯ ಮಲೇರಿಯಾ’ ಎಂದು ಬರೆದು ಕಡತ ಮುಚ್ಚುತ್ತಿದ್ದರು.

ಚಾರ್ಲ್ಸ್ ಡೊನೊವನ್ ಹುಟ್ಟಿದ್ದು 1863ರಲ್ಲಿ ಕಲ್ಕತ್ತದಲ್ಲಿ, ಐರಿಷ್ ಮನೆತನದಲ್ಲಿ. ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಸೆಂಟ್ರಲ್ ಸ್ಟೇಷನ್ನಿನ ಎದುರಿನ ಜನರಲ್ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ. ಬಿಡುವಿನಲ್ಲಿ ಚಿಟ್ಟೆ ಹಿಡಿಯುವ ಹವ್ಯಾಸ. ನುಂಗಂಬಾಕ್ಕಂನಿಂದ ಸ್ವಲ್ಪವೇ ದೂರದ ರಾಯಪೇಟ್ಟೈ ಆಸ್ಪತ್ರೆ 1911ರಲ್ಲಿ ತೆರೆದಾಗ ಅದರ ಮೊದಲ ಮುಖ್ಯಸ್ಥನಾದವನೂ ಇವನೇ.

1903ರ ಏಪ್ರಿಲ್‌ನಲ್ಲಿ, ಹಳೆಯ ಮಲೇರಿಯಾ ಎಂದುಕೊಂಡಿದ್ದ ಜ್ವರದಿಂದ ಸತ್ತವರ ಗುಲ್ಮದ ಲೇಪನಗಳಲ್ಲಿ ಡೊನೊವನ್ ವಿಚಿತ್ರವಾದ ಅಂಡಾಕಾರದ ಕಣಗಳನ್ನು ಕಂಡ. ಸತ್ತ ಮೇಲೆ ಕೊಳೆತು ಆದದ್ದಿರಬಹುದೇ ಎಂಬ ಅನುಮಾನವಿತ್ತು. ಅಷ್ಟರಲ್ಲಿ ಮೇ 30ರಂದು ಲಂಡನ್ನಿನ ವೈದ್ಯಪತ್ರಿಕೆಯಲ್ಲಿ ವಿಲಿಯಂ ಲೀಷ್ಮನ್‌ನ ಬರಹ ಬಂತು. ಕಲ್ಕತ್ತದ ಬಳಿಯ ಡಂ ಡಂನಲ್ಲಿದ್ದು ಜ್ವರ ಹಿಡಿಸಿಕೊಂಡು ಇಂಗ್ಲೆಂಡಿನಲ್ಲಿ ಸತ್ತ ಸೈನಿಕನ ಗುಲ್ಮದಲ್ಲಿ ಅವನೂ ಅವೇ ಕಣಗಳನ್ನು ಕಂಡಿದ್ದ. ಆಫ್ರಿಕಾದ ನಿದ್ರಾರೋಗ ತರುವ ಜೀವಿಯ ಸತ್ತ, ಕುಗ್ಗಿದ ರೂಪ ಇರಬಹುದೆಂದು ಅವನ ಊಹೆ. ಡೊನೊವನ್‌ಗೆ ಈಗ ಜೀವಂತ ದೇಹದಿಂದಲೇ ಸಾಕ್ಷಿ ಬೇಕಿತ್ತು. ಜೂನ್ 17ರಂದು, ಬಿಟ್ಟುಬಿಟ್ಟು ಬರುವ ಜ್ವರದ 12 ವರ್ಷದ ಹುಡುಗನ ಊದಿದ ಗುಲ್ಮಕ್ಕೆ ಸೂಜಿ ಚುಚ್ಚಿ ರಕ್ತ ತೆಗೆದ. ಅದರಲ್ಲಿ ಅವೇ ಕಣಗಳಿದ್ದವು.

ಯಾವುದು ಒಡೆದರೆ ಮನುಷ್ಯ ಸಾಯುತ್ತಾನೆಂದು ಮೂವತ್ತು ವರ್ಷ ನ್ಯಾಯಾಲಯಗಳು ಕೇಳಿದ್ದವೋ ಅದೇ ಅಂಗಕ್ಕೆ ಚುಚ್ಚಿದ ಸೂಜಿ ಅದು. ಅಪಾಯ ಇಂದಿಗೂ ಇದೆ: ಒಳರಕ್ತಸ್ರಾವದ ಭಯದಿಂದ ಹಲವು ಕಡೆ ವೈದ್ಯರು ಗುಲ್ಮ ಬಿಟ್ಟು ಮೂಳೆಮಜ್ಜೆಯನ್ನು ಪರೀಕ್ಷಿಸುತ್ತಾರೆ, ಗುಲ್ಮದಲ್ಲಿ ಜೀವಿ ಸಿಗುವ ಸಾಧ್ಯತೆ ಹೆಚ್ಚು ಎಂದು ಗೊತ್ತಿದ್ದರೂ.

ಈ ಕಣಗಳು ಯಾವ ಕುಲದವು ಎಂಬುದೇ ಜಗಳವಾಯಿತು. ಪ್ಯಾರಿಸಿನಲ್ಲಿ ಲ್ಯಾವೆರಾನ್ ದನಗಳ ಜ್ವರ ತರುವ ಜೀವಿಯ ಕುಲಕ್ಕೆ ಅದನ್ನು ಸೇರಿಸಿದ. 1903ರ ನವೆಂಬರಿನಲ್ಲಿ ರೊನಾಲ್ಡ್ ರಾಸ್, ಇದು ಹೊಸದೇ ಕುಲ ಎಂದು ವಾದಿಸಿ ಇಬ್ಬರಿಗೂ ಪಾಲು ಕೊಟ್ಟ: ಕುಲದ ಹೆಸರು ಲೀಷ್ಮೇನಿಯಾ, ಪ್ರಭೇದದ ಹೆಸರು ಡೊನೊವನಿ. ಸೊಳ್ಳೆಯ ವಿಷಯದಲ್ಲಿ ಇಟಲಿಯ ಗ್ರಾಸಿಯೊಂದಿಗೆ ‘ಮೊದಲು ಕಂಡದ್ದು ಯಾರು’ ಎಂದು ವರ್ಷಗಟ್ಟಲೆ ಕಾದಾಡಿದ ರಾಸ್, ಇತರರ ಜಗಳವನ್ನು ಇಷ್ಟು ಸಲೀಸಾಗಿ ಬಗೆಹರಿಸಿದ. ಮುಂದೆ ಉಪೇಂದ್ರನಾಥ ಬ್ರಹ್ಮಚಾರಿ ಕಲ್ಕತ್ತದಲ್ಲಿ ಯೂರಿಯಾ ಸ್ಟಿಬಮೈನ್ ಎಂಬ ಮದ್ದನ್ನು ತಯಾರಿಸಿದ್ದು 1920ರ ದಶಕದ ಆರಂಭದಲ್ಲಿ. ರೋಗ ಹರಡುವುದು ಮರಳುನೊಣದ ಕಡಿತದಿಂದ ಎಂದು ಮನುಷ್ಯರಲ್ಲೇ ತೋರಿಸಿದ್ದು ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್, 1942ರಲ್ಲಿ. ಅದಕ್ಕೆ ಮೊದಲು ವರ್ಷಗಟ್ಟಲೆ ನೊಣಗಳು ಕಚ್ಚಿದರೂ ರೋಗ ದಾಟುತ್ತಿರಲಿಲ್ಲ. ರಕ್ತ ಕುಡಿದ ನೊಣಕ್ಕೆ ಮತ್ತೆ ರಕ್ತ ಕೊಡದೆ ಒಣದ್ರಾಕ್ಷಿಯ ರಸ ಕುಡಿಸಿದಾಗ ಜೀವಿಗಳು ಅದರ ಗಂಟಲು ಕಟ್ಟುವಷ್ಟು ಬೆಳೆದವು. ಗಂಟಲು ಕಟ್ಟಿದ ನೊಣ ಹೀರಲಾರದೆ ಮತ್ತೆಮತ್ತೆ ಚುಚ್ಚುತ್ತದೆ, ಚುಚ್ಚಿದಾಗ ಒಳಗಿದ್ದುದನ್ನು ಕಾರುತ್ತದೆ. ಪರಾವಲಂಬಿಗೆ ಬೇಕಾದದ್ದೂ ಅದೇ.

ಮಸಣದೊಳಗೆ ಮನೆ

ಮಲೇರಿಯಾ ಮತ್ತು ಕಾಲಾ ಆಜಾರ್ ತರುವ ಜೀವಿಗಳು ಬೇರೆ, ಕಚ್ಚುವ ಕೀಟ ಬೇರೆ. ಎರಡರ ಗುರುತೂ ಗುಲ್ಮದ ಮೇಲೆಯೇ ಬೀಳುವುದು ಯಾಕೆ?

ಗುಲ್ಮ ರಕ್ತವನ್ನು ಸೋಸುವ ಜರಡಿ. ಕೆಂಪು ರಕ್ತಕಣದ ಅಗಲ ಸುಮಾರು 7ರಿಂದ 8 ಮೈಕ್ರಾನ್. ಗುಲ್ಮದಲ್ಲಿ ಅದು ನುಸುಳಬೇಕಾದ ಕಿಂಡಿಗಳು ಒಂದೆರಡು ಮೈಕ್ರಾನ್ ಅಗಲದವು. ಎಳೆಯ, ಮೆತ್ತನೆಯ ಕಣ ಮೈ ಬಳುಕಿಸಿ ದಾಟುತ್ತದೆ. ಸುಮಾರು 120 ದಿನ ಬದುಕಿ ಮುಪ್ಪಾದ ಕಣ ಅಲ್ಲಿ ಸಿಕ್ಕಿಬೀಳುತ್ತದೆ, ಕಾವಲಿರುವ ಭಕ್ಷಕ ಕೋಶಗಳು ಅದನ್ನು ನುಂಗುತ್ತವೆ. ಮಲೇರಿಯಾ ಜೀವಿ ಹೊಕ್ಕ ಕಣವೂ ಬಿಗಿದುಕೊಂಡು ಕಿಂಡಿಯಲ್ಲಿ ಸಿಕ್ಕುತ್ತದೆ. ಕೆಲವು ಸಲ ಗುಲ್ಮ ಕಣವನ್ನು ಬಿಟ್ಟು ಒಳಗಿನ ಜೀವಿಯನ್ನಷ್ಟೇ, ಹಲಸಿನ ತೊಳೆಯಿಂದ ಬೀಜ ತೆಗೆದಂತೆ, ಹಿಂಡಿ ತೆಗೆದು ಕಣವನ್ನು ರಕ್ತಕ್ಕೆ ಮರಳಿಸುತ್ತದೆ. ಜ್ವರ ಮರುಕಳಿಸಿದಷ್ಟೂ ಕೆಲಸ ಹೆಚ್ಚುತ್ತದೆ, ಕಾವಲು ಕೋಶಗಳು ಹೆಚ್ಚುತ್ತವೆ, ಅಂಗ ದಪ್ಪವಾಗುತ್ತದೆ. ರಕ್ತದ ಕೆಂಪನ್ನು ತಿಂದ ಜೀವಿ ಉಳಿಸುವ ಕಪ್ಪು ಹರಳುಗಳು ಅಲ್ಲೇ ಶೇಖರವಾಗಿ ಗುಲ್ಮ ಮಸಿ ಬಣ್ಣಕ್ಕೆ ತಿರುಗುತ್ತದೆ.

ಜೀವಿಗಳೂ ಸುಮ್ಮನಿರುವುದಿಲ್ಲ. ಮಲೇರಿಯಾಗಳಲ್ಲಿ ಅತಿ ಮಾರಕವಾದ ಫಾಲ್ಸಿಪ್ಯಾರಂ ತಾನಿರುವ ಕಣದ ಮೈಮೇಲೆ ಅಂಟುಗುಬ್ಬಿಗಳನ್ನು ಬೆಳೆಸಿ, ರಕ್ತನಾಳದ ಗೋಡೆಗೆ ಅಂಟಿಕೊಂಡು, ಗುಲ್ಮದ ದಾರಿಗೇ ಹೋಗುವುದಿಲ್ಲ. ಅದು ಅಂಟಿಕೊಂಡ ಜಾಗ ಮಿದುಳಾದರೆ ರೋಗಿ ಪ್ರಜ್ಞೆ ತಪ್ಪುತ್ತಾನೆ. ಎಷ್ಟೋ ಸಾವುಗಳ ಹಿಂದಿರುವುದು ಗುಲ್ಮದಿಂದ ತಪ್ಪಿಸಿಕೊಳ್ಳುವ ಈ ಉಪಾಯವೇ. ಲೀಷ್ಮೇನಿಯಾದ ದಾರಿ ತದ್ವಿರುದ್ಧ. ಅದು ಭಕ್ಷಕ ಕೋಶ ತನ್ನನ್ನು ನುಂಗಲಿ ಎಂದೇ ಬಿಡುತ್ತದೆ. ಶತ್ರುವನ್ನು ಕರಗಿಸಲು ಕೋಶ ಇಟ್ಟುಕೊಂಡಿರುವ ಆಮ್ಲದ ಚೀಲದಲ್ಲೇ ಸಂಸಾರ ಹೂಡುತ್ತದೆ. ಕಾವಲುಗಾರರೇ ಬಾಡಿಗೆ ಮನೆಗಳಾದ ಮೇಲೆ, ಕಾವಲುಗಾರರು ಹೆಚ್ಚಿರುವ ಗುಲ್ಮ ಹೊಕ್ಕುಳ ದಾಟುವುದರಲ್ಲಿ ಆಶ್ಚರ್ಯವಿಲ್ಲ. ಪಠ್ಯಪುಸ್ತಕಗಳು ಪರಾವಲಂಬಿಗೆ ಮನೆಯಾದ ದೇಹವನ್ನು ‘ಆತಿಥೇಯ’ ಎಂದು ಕರೆಯುತ್ತವೆ. ಕರೆಯದೆ ಬಂದ ನೆಂಟನ ವಿಷಯದಲ್ಲಿ ಅದು ಬಹಳ ಮರ್ಯಾದೆಯ ಪದ.

ಚೆನ್ನೈಗೆ ಹತ್ತಿರದ ಸಂಗತಿ ಮೂರನೆಯದು. ಈ ನಗರದ ಮಲೇರಿಯಾ ಹೆಚ್ಚಾಗಿ ವೈವ್ಯಾಕ್ಸ್ ಜಾತಿಯದು. ಅದನ್ನು ಸಾಗಿಸುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆಯಿಡುವುದು ಜೌಗಿನಲ್ಲಲ್ಲ, ಬಾವಿಗಳಲ್ಲಿ ಮತ್ತು ತಾರಸಿಯ ಮೇಲಿನ ಮುಚ್ಚಳ ಸಡಿಲವಾದ ಟ್ಯಾಂಕುಗಳಲ್ಲಿ. ನುಂಗಂಬಾಕ್ಕಂ ಕೆರೆ ಬತ್ತಿದರೂ ಜ್ವರ ಬತ್ತಲಿಲ್ಲ. ವೈವ್ಯಾಕ್ಸ್ ಜೀವಿ ರಕ್ತದಲ್ಲಿ ಬಹಳ ಕಡಿಮೆ ಕಾಣುತ್ತದೆ. ಸಿಕ್ಕದ್ದೆಲ್ಲ ಗುಲ್ಮದಲ್ಲಿ ಸತ್ತಿದೆ ಎಂದು ತಿಳಿಯಲಾಗಿತ್ತು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಲುಗಾಡಿಸಿತು. ಇಂಡೋನೇಷ್ಯಾದ ಪಪುವಾದಲ್ಲಿ, ಹೆಚ್ಚಾಗಿ ಅಪಘಾತಗಳಿಂದಾಗಿ, ಗುಲ್ಮ ತೆಗೆಸಬೇಕಾಗಿ ಬಂದವರ ಅಂಗಗಳನ್ನು ಪರೀಕ್ಷಿಸಿದಾಗ, ಜ್ವರದ ಲಕ್ಷಣವೇ ಇಲ್ಲದವರಲ್ಲೂ ಜೀವಂತ ಜೀವಿಗಳು ತುಂಬಿದ್ದವು. ವೈವ್ಯಾಕ್ಸ್‌ನಲ್ಲಿ ದೇಹದ ಒಟ್ಟು ಜೀವಿಗಳ ಶೇಕಡ 98ಕ್ಕೂ ಹೆಚ್ಚು ಪಾಲು ಗುಲ್ಮದಲ್ಲೇ ಇತ್ತು. ಮಸಣ ಎಂದುಕೊಂಡಿದ್ದ ಜಾಗದಲ್ಲಿ ಅವು ಬೆಳೆದು ಹೆಚ್ಚುತ್ತಿದ್ದವು.

ಗಡ್ಡೆ ಕರಗಿದ ಊರುಗಳು

ಕನ್ನಡನಾಡಿನಲ್ಲಿ ಜ್ವರಗಡ್ಡೆ ಮನೆಮಾತಾಗಿದ್ದುದಕ್ಕೆ ಕಾರಣ ಮಲೆನಾಡು ಮತ್ತು ನಾಲೆ. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್ ಅವರ ಸಹಾಯ ಪಡೆದು ಮಲೇರಿಯಾ ಸಮೀಕ್ಷೆ ಆರಂಭಿಸಿತು. ಮೈಸೂರಿನ ಬಳಿಯ ನಾಗೇನಹಳ್ಳಿ, ಮೂಡಿಗೆರೆ, ಹಿರಿಯೂರುಗಳಲ್ಲಿ ಕೇಂದ್ರಗಳು ಬಂದವು. ಮತ್ತೆ ಮಕ್ಕಳ ಸಾಲು, ಮತ್ತೆ ಎಡಪಕ್ಕೆಲುಬಿನ ಕೆಳಗೆ ಬೆರಳು. ಮಂಡ್ಯದ ಬಯಲಿಗೆ ಕನ್ನಂಬಾಡಿಯ ನೀರು ಹರಿದಾಗ ಕಬ್ಬು ಭತ್ತಗಳೊಂದಿಗೆ ಚಳಿಜ್ವರವೂ ಬಂತು. ಡೆಂಪ್‌ಸ್ಟರ್ ಕೇಳಿದ್ದ ಪ್ರಶ್ನೆ ನಮ್ಮ ನಾಲೆಯ ದಂಡೆಗೂ ಬಂದು ನಿಂತಿತ್ತು.

ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡದ ಸ್ಥಿತಿ ಇನ್ನೂ ಕಠಿಣ. ಘಟ್ಟದ ಮೇಲಿನ ಹಳಿಯಾಳ, ಯಲ್ಲಾಪುರ, ಸೂಪಾ ಸೀಮೆಗಳಲ್ಲಿ ಜ್ವರಕ್ಕೆ ಹೆದರಿ ಗದ್ದೆ ಬೀಳುಬಿಟ್ಟ ಊರುಗಳಿದ್ದವು. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ, ಡಿ. ಕೆ. ವಿಶ್ವನಾಥನ್ ಮತ್ತು ಕೀಟವಿಜ್ಞಾನಿ ಟಿ. ರಾಮಚಂದ್ರ ರಾವ್ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಗೋಡೆಗೆ ಡಿಡಿಟಿ ಸಿಂಪಡಿಸುವ ಪ್ರಯೋಗ ಕೈಗೊಂಡರು. ಕಚ್ಚಿದ ಸೊಳ್ಳೆ ಗೋಡೆಯ ಮೇಲೆ ಕುಳಿತು ಸಾಯುತ್ತಿತ್ತು. ಮಕ್ಕಳ ಗುಲ್ಮಗಳು ವರ್ಷದಿಂದ ವರ್ಷಕ್ಕೆ ಪಕ್ಕೆಲುಬಿನ ಮರೆಗೆ ಹಿಂತಿರುಗಿದವು. ಈ ಎರಡು ಕನ್ನಡ ಜಿಲ್ಲೆಗಳ ಅನುಭವ 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ದಾರಿ ಮಾಡಿತು. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ 7.5 ಕೋಟಿ ಜನರಿಗೆ ಬರುತ್ತಿದ್ದ, 8 ಲಕ್ಷ ಜನರನ್ನು ಕೊಲ್ಲುತ್ತಿದ್ದ ಕಾಯಿಲೆ 1960ರ ದಶಕದ ಮಧ್ಯಕ್ಕೆ ಒಂದು ಲಕ್ಷ ಪ್ರಕರಣಗಳಿಗೆ ಇಳಿಯಿತು. ಸೊಳ್ಳೆ ಡಿಡಿಟಿಗೆ ಒಗ್ಗಿತು, ಸರಕಾರ ಮೈಮರೆಯಿತು. 1976ರಲ್ಲಿ ಸಂಖ್ಯೆ ಮತ್ತೆ 64 ಲಕ್ಷ ದಾಟಿತು. ಆದರೆ ಮಗುವಿನ ಹೊಟ್ಟೆ ಮುಟ್ಟಿದರೆ ಗಡ್ಡೆ ಸಿಕ್ಕುವುದೇ ಸಹಜ ಎಂಬ ಕಾಲ ಬಹುಪಾಲು ಕರ್ನಾಟಕಕ್ಕೆ ಮರಳಲಿಲ್ಲ. ಜ್ವರಗಡ್ಡೆ ಎಂಬ ಪದ ನಮ್ಮ ತಲೆಮಾರಿಗೆ ಅಪರಿಚಿತವಾಗಿರುವುದು ಭಾಷೆಯ ಬಡತನದಿಂದಲ್ಲ. ಕೆಲವು ಪದಗಳು ಸಾಯುವುದು ಒಳ್ಳೆಯ ಸುದ್ದಿ.

ಮೊದಲೇ ಇದ್ದ ಕಾಯಿಲೆ

ಗಡ್ಡೆ ಕರಗಿದರೂ ಅದರ ಸುತ್ತ ಬೆಳೆದ ವಾದ ಕರಗಿಲ್ಲ. ಮನುಷ್ಯನೊಬ್ಬ ಸತ್ತಾಗ ‘ಅವನಿಗೆ ಮೊದಲೇ ಕಾಯಿಲೆ ಇತ್ತು’ ಎಂಬ ಮಾತು ಇಂದೂ ಬೇಗ ಬಾಯಿಗೆ ಬರುತ್ತದೆ. 2020ರಲ್ಲಿ ಕೊರೊನಾ ಸಾವುಗಳನ್ನು ಎಣಿಸುವಾಗ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರನ್ನು ಹೇಗೆ ಲೆಕ್ಕ ಹಿಡಿಯಬೇಕು ಎಂಬ ತಕರಾರೆದ್ದದ್ದು ನೆನಪಿರಬಹುದು. ಮೊದಲಿದ್ದ ರೋಗವನ್ನು ಸಾವಿನ ಮೂಲ ಕಾರಣವಾಗಿ ಬರೆಯಬಾರದು ಎಂಬ ಮಾರ್ಗಸೂಚಿಯನ್ನು ಆಗ ಸಿದ್ಧಪಡಿಸಿದ್ದು ಬೆಂಗಳೂರಿನ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ. ತಾತ್ವಿಕವಾಗಿ ಅದು 1860ರ ಆ ಮೊದಲ ವಿವರಣೆಯ ಮಾತೇ. ಆ ವಿವರಣೆ 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 100ನೇ ಕಲಮಿನಲ್ಲೂ ಉಳಿದುಕೊಂಡಿದೆ, 300ನೇ ಕಲಮಿನ ಉದಾಹರಣೆ 101ನೇ ಕಲಮಿನಲ್ಲಿದೆ.

ಕಟ್ವಾರೂನ ದೇಹದಲ್ಲಿ ಪರಾವಲಂಬಿ ಏನು ಮಾಡಿತ್ತು ಎಂಬುದನ್ನು ವೈದ್ಯಕೀಯ ವಿವರಿಸಬಲ್ಲದು. ಆ ಪರಾವಲಂಬಿ ಅವನ ದೇಹದಲ್ಲೇ ಯಾಕೆ ವರ್ಷಗಟ್ಟಲೆ ಬೇರೂರಿತು ಎಂದರೆ, ಅವನು ಮಲಗುತ್ತಿದ್ದುದು ಎಲ್ಲಿ, ಊರಿನ ನೀರು ಹೇಗೆ ಹರಿಯುತ್ತಿತ್ತು, ಕ್ವಿನೈನ್ ಯಾರಿಗೆ ಸಿಗುತ್ತಿತ್ತು ಎಂದು ಕೇಳಬೇಕಾಗುತ್ತದೆ. ಊದಿದ ಗುಲ್ಮ ಅವನ ದೌರ್ಬಲ್ಯವಾಗಿರಲಿಲ್ಲ. ಅವನ ಪರವಾಗಿ ಅವನ ದೇಹ ಬಾಳಿನುದ್ದಕ್ಕೂ ಮಾಡಿದ ದುಡಿಮೆಯ ಗುರುತು ಅದು. ನ್ಯಾಯಾಲಯ ಅದನ್ನು ಅವನ ವಿರುದ್ಧದ ಸಾಕ್ಷಿಯಾಗಿ ಓದಿತು.

ಡೊನೊವನ್ 1951ರವರೆಗೆ ಬದುಕಿದ್ದ, ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ತೀರಿಕೊಂಡ. ಪರಾವಲಂಬಿಗೆ ಅವನ ಹೆಸರೂ ಲೀಷ್ಮನ್‌ನ ಹೆಸರೂ ಇವೆ. ಸೂಜಿ ಚುಚ್ಚಿಸಿಕೊಂಡ ಮದ್ರಾಸಿನ ಹುಡುಗ ವೈದ್ಯಕೀಯ ಪುಸ್ತಕಗಳಲ್ಲಿ ಈಗಲೂ ಬರೀ ‘12 ವರ್ಷದ ಹುಡುಗ’. ಜ್ವರ ಬಿಟ್ಟು ಅವನು ದೊಡ್ಡವನಾದನೇ ಎಂದು ಆ ಪುಸ್ತಕಗಳು ಹೇಳುವುದಿಲ್ಲ. ಆ ಜ್ವರಕ್ಕೆ ಮದ್ದು ಬರಲು ಅವನ ಮುಂದೆ ಇನ್ನೂ ಸುಮಾರು ಇಪ್ಪತ್ತು ವರ್ಷಗಳಿದ್ದವು.